ಮುಚ್ಚದ ತೂಬು

ಬಯಲುಸೀಮೆಯ ಹಳ್ಳಿಗಳಲ್ಲಿ ಕೆರೆಯ ನೀರನ್ನು ಗದ್ದೆಗಳಿಗೆ ಹಾಯಿಸುವ ಹೊಣೆ ನೀರುಗಂಟಿಯದು. ಬೇಕಾದಾಗ ಅವನು ತೂಬನ್ನು ತೆರೆಯುತ್ತಾನೆ, ಸಾಕಾದಾಗ ಮುಚ್ಚುತ್ತಾನೆ. ನೀರು ಬೆಳೆಯ ಜೀವಾಳವೆಂಬುದು ನಿಜ. ಆದರೆ ತೆರೆದ ತೂಬು ಮತ್ತೆ ಮುಚ್ಚಿಕೊಳ್ಳದೆ ಹೋದರೆ ಹಗಲಿರುಳೂ ಹರಿಯುವ ಅದೇ ನೀರು ಬೆಳೆಯನ್ನು ಕೊಳೆಯಿಸುತ್ತದೆ, ಕೆರೆಯನ್ನೂ ಬರಿದುಮಾಡುತ್ತದೆ. ಪೋಷಿಸುವ ಶಕ್ತಿಯೇ ಅಂಕೆ ತಪ್ಪಿ ನಾಶಕ್ಕೆ ಕಾರಣವಾಗುವ ಇಂತಹ ಪ್ರಸಂಗ ನಮ್ಮ ದೇಹದೊಳಗೂ ಒದಗಬಹುದು. ಕ್ಯಾನ್ಸರ್ ರೋಗದ ಮೂಲವನ್ನು ಅರಸುತ್ತ ಹೋದ ವಿಜ್ಞಾನಿಗಳಿಗೆ ಕಂಡುಬಂದುದು ಇಂತಹದೇ ಒಂದು ಮುಚ್ಚದ ತೂಬು.

ನಮ್ಮ ದೇಹವು ಲಕ್ಷಾಂತರ ಕೋಟಿ ಜೀವಕೋಶಗಳ ಸಮುದಾಯ. ಯಾವ ಕೋಶವೂ ತನ್ನ ಇಚ್ಛೆ ಬಂದಂತೆ ಬೆಳೆಯುವಂತಿಲ್ಲ. ಬೆಳೆಯಬೇಕೆಂಬ ಸಂದೇಶ ಬಂದಾಗ ಮಾತ್ರ ಅದು ಎರಡಾಗಿ ಒಡೆಯಬೇಕು. ಕೋಶದ ಹೊರಪೊರೆಯನ್ನು ಮುಟ್ಟಿದ ಈ ಸಂದೇಶವನ್ನು ಒಳಗೆ ಕೊಂಡೊಯ್ಯುವ ಕಿಣ್ವಗಳಲ್ಲಿ ಕೈನೇಸ್‌ಗಳು ಮುಖ್ಯವಾದವು. ಕೋಶದಲ್ಲಿ ಎಟಿಪಿ ಎಂಬ ಶಕ್ತಿಯ ಭಂಡಾರವುಂಟು. ಕೈನೇಸ್ ಅದರಿಂದ ಒಂದು ಫಾಸ್ಫೇಟನ್ನು ತೆಗೆದು ಬೇರೊಂದು ಪ್ರೋಟೀನಿಗೆ ಅಂಟಿಸುತ್ತದೆ. ಅಷ್ಟರಿಂದಲೇ ಆ ಪ್ರೋಟೀನು ಎಚ್ಚತ್ತು ಸಂದೇಶವನ್ನು ಮುಂದಕ್ಕೆ ಸಾಗಿಸುತ್ತದೆ. ಕೆಲಸ ಮುಗಿದ ಬಳಿಕ ಬೇರೆ ಕಿಣ್ವಗಳು ಆ ಫಾಸ್ಫೇಟನ್ನು ಕಳಚಿಹಾಕುತ್ತವೆ. ಮನುಷ್ಯನಲ್ಲಿ ಇಂತಹ ಕೈನೇಸ್‌ಗಳು ೫೦೦ಕ್ಕೂ ಹೆಚ್ಚು ಬಗೆಯವು ಇವೆ. ಇವುಗಳಲ್ಲಿ ಒಂದು ಕೆಟ್ಟರೆ ಏನಾಗುತ್ತದೆ ಎಂಬುದನ್ನು ತಿಳಿಸಿಕೊಟ್ಟುದು ಒಂದು ಬಗೆಯ ರಕ್ತದ ಕ್ಯಾನ್ಸರ್. ಅದರಲ್ಲಿ ಬಿಳಿಯ ರಕ್ತಕಣಗಳು ಮಿತಿಮೀರಿ ಹೆಚ್ಚುತ್ತವೆ. ಮೊದಲು ನಿಧಾನವಾಗಿ ಬೆಳೆಯುವ ಈ ರೋಗವು ಹಿಂದೆ ಬಹುಮಂದಿ ರೋಗಿಗಳನ್ನು ಕೆಲವೇ ವರ್ಷಗಳಲ್ಲಿ ಬಲಿ ತೆಗೆದುಕೊಳ್ಳುತ್ತಿತ್ತು.

ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಪೀಟರ್ ನೋವೆಲ್ ಎಂಬ ವೈದ್ಯರು ಈ ಬಗೆಯ ರಕ್ತಕೋಶಗಳನ್ನು ಪರೀಕ್ಷಿಸುತ್ತಿದ್ದರು. ಬಣ್ಣ ಹಾಕುವ ಮೊದಲು ಅವರು ಕೋಶಗಳನ್ನು ನಲ್ಲಿಯ ನೀರಿನಲ್ಲಿ ತೊಳೆದರು. ನೀರು ಹೀರಿದ ಕೋಶಗಳು ಉಬ್ಬಿಕೊಂಡವು. ಒಳಗಿನ ವರ್ಣತಂತುಗಳು ಬಿಡಿಬಿಡಿಯಾಗಿ ಕಾಣಿಸಿದವು. ವರ್ಣತಂತುಗಳ ಅಭ್ಯಾಸದಲ್ಲಿ ತೊಡಗಿದ್ದ ಡೇವಿಡ್ ಹಂಗರ್‌ಫರ್ಡ್ ಎಂಬ ತರುಣ ವಿದ್ಯಾರ್ಥಿ ಅವರ ಜೊತೆಗೂಡಿದರು. ಈ ರೋಗಿಗಳ ಕೋಶಗಳಲ್ಲಿ ಒಂದು ವರ್ಣತಂತು ಎಂದಿಗಿಂತ ಮೊಟಕಾಗಿರುವುದನ್ನು ಅವರಿಬ್ಬರೂ ೧೯೬೦ರಲ್ಲಿ ಪ್ರಕಟಿಸಿದರು. ಅದಕ್ಕೆ ಆ ನಗರದ ಹೆಸರೇ ನಿಂತಿತು.

ವರ್ಣತಂತುವಿನ ಕಳೆದುಹೋದ ತುಣುಕು ಎಲ್ಲಿ ಹೋಯಿತು? ಇದಕ್ಕೆ ಉತ್ತರ ಕಂಡುಕೊಂಡವರು ಷಿಕಾಗೋ ನಗರದ ಜಾನೆಟ್ ರೌಲಿ. ನಾಲ್ವರು ಮಕ್ಕಳ ತಾಯಿಯಾದ ಆಕೆ ವರ್ಣತಂತುಗಳ ಛಾಯಾಚಿತ್ರಗಳನ್ನು ಕತ್ತರಿಸಿ ಮನೆಯ ಊಟದ ಮೇಜಿನ ಮೇಲೆ ಜೋಡಿಸಿ ನೋಡುತ್ತಿದ್ದರು. ಅಮ್ಮ ಕಾಗದದ ಗೊಂಬೆಯಾಟ ಆಡುತ್ತಿದ್ದಾಳೆಂದು ಮಕ್ಕಳು ನಗುತ್ತಿದ್ದರಂತೆ. ಆ ಆಟದಿಂದ ೧೯೭೩ರಲ್ಲಿ ಹೊರಬಂದ ಸತ್ಯವಿದು: ತುಣುಕು ಕಳೆದುಹೋಗಿರಲಿಲ್ಲ; ೯ನೆಯ ಮತ್ತು ೨೨ನೆಯ ವರ್ಣತಂತುಗಳು ತಮ್ಮ ತುದಿಗಳನ್ನು ಅದಲುಬದಲು ಮಾಡಿಕೊಂಡಿದ್ದವು.

ಈ ಅದಲುಬದಲಿನ ಪರಿಣಾಮವು ೧೯೮೦ರ ದಶಕದಲ್ಲಿ ಸ್ಪಷ್ಟವಾಯಿತು. ೯ನೆಯ ವರ್ಣತಂತುವಿನಲ್ಲಿರುವ ‘ಎಬಿಎಲ್’ ಎಂಬ ವಂಶವಾಹಿಯು ಒಂದು ಕೈನೇಸನ್ನು ರೂಪಿಸುವಂತಹುದು. ಅದು ಸ್ಥಾನ ಬದಲಿಸಿ ೨೨ನೆಯದರಲ್ಲಿರುವ ‘ಬಿಸಿಆರ್’ ಎಂಬ ವಂಶವಾಹಿಯೊಡನೆ ಬೆಸೆದುಕೊಂಡಾಗ ಹೊಸದೊಂದು ಪ್ರೋಟೀನು ಹುಟ್ಟುತ್ತದೆ. ಇದರಲ್ಲಿ ಕೈನೇಸಿನ ಶಕ್ತಿಯಿದೆ. ಅದನ್ನು ತಡೆಯುವ ಅಂಕೆಯಿಲ್ಲ. ಯಾರೂ ಕಳುಹಿಸದ ಸಂದೇಶವನ್ನು ಅದು ಬಿಡುವಿಲ್ಲದೆ ಸಾರುತ್ತದೆ. ಅಸ್ಥಿಮಜ್ಜೆಯ ಕೋಶಗಳು ಅದಕ್ಕೆ ಓಗೊಟ್ಟು ಬೆಳೆಯುತ್ತಲೇ ಹೋಗುತ್ತವೆ. ಇದೇ ಆ ಮುಚ್ಚದ ತೂಬು.

ರೋಗದ ಮೂಲ ತಿಳಿದ ಮೇಲೆ ಮದ್ದನ್ನು ಅರಸುವ ಬಗೆಯೇ ಬದಲಾಯಿತು. ಅಲ್ಲಿಯವರೆಗೆ ಬಳಸುತ್ತಿದ್ದ ಅನೇಕ ಔಷಧಿಗಳು ರೋಗದ ಕೋಶಗಳ ಜೊತೆಗೆ ಆರೋಗ್ಯವಾದ ಕೋಶಗಳನ್ನೂ ಕೊಲ್ಲುತ್ತಿದ್ದವು. ಕಳೆಯೊಡನೆ ಪೈರನ್ನೂ ಕಿತ್ತಂತೆ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ರಸಾಯನವಿಜ್ಞಾನಿಗಳು ಈ ಕೈನೇಸಿನಲ್ಲಿ ಎಟಿಪಿ ಬಂದು ಕೂಡುವ ಸಂದಿಯಲ್ಲಿಯೇ ಸೇರಿಕೊಂಡು ಅದನ್ನು ನಿಷ್ಕ್ರಿಯಗೊಳಿಸುವ ಒಂದು ವಸ್ತುವನ್ನು ತಯಾರಿಸಿದರು. ಅದೇ ಇಮಾಟಿನಿಬ್. ಬ್ರಯನ್ ಡ್ರೂಕರ್ ಎಂಬ ಅಮೆರಿಕದ ವೈದ್ಯರು ಇದನ್ನು ರೋಗಿಗಳಲ್ಲಿ ಪರೀಕ್ಷಿಸಬೇಕೆಂದು ಪಟ್ಟುಹಿಡಿದರು. ೧೯೯೮ರಲ್ಲಿ ಆ ಪ್ರಯೋಗ ಆರಂಭವಾಯಿತು. ಬೇರೆ ಚಿಕಿತ್ಸೆ ಫಲಿಸದಿದ್ದ ೫೪ ರೋಗಿಗಳು ದಿನಕ್ಕೆ ೩೦೦ ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ ಈ ಮದ್ದನ್ನು ಸೇವಿಸಿದರು. ಅವರಲ್ಲಿ ೫೩ ಮಂದಿಯ ರಕ್ತಕಣಗಳ ಸಂಖ್ಯೆ ಸಹಜಸ್ಥಿತಿಗೆ ಮರಳಿತು. ೨೦೦೧ರ ಮೇ ತಿಂಗಳಲ್ಲಿ ಅಮೆರಿಕದ ಸರ್ಕಾರವು ಅದರ ಬಳಕೆಗೆ ಒಪ್ಪಿಗೆಯಿತ್ತಿತು.

ಇಷ್ಟರಿಂದ ಕ್ಯಾನ್ಸರನ್ನೇ ಗೆದ್ದೆವೆಂದು ಭಾವಿಸಲಾಗದು. ಕೆಲವು ರೋಗಿಗಳಲ್ಲಿ ಕೈನೇಸಿನ ಆಕಾರವೇ ತುಸು ಬದಲಾಗಿ ಮದ್ದು ಹಿಡಿಯದಂತಾಗುತ್ತದೆ; ಅಂಥವರಿಗಾಗಿ ಹೊಸ ಔಷಧಿಗಳನ್ನು ಕಂಡುಹಿಡಿಯಬೇಕಾಯಿತು. ಅನೇಕ ಬಗೆಯ ಕ್ಯಾನ್ಸರುಗಳಲ್ಲಿ ಕೆಟ್ಟಿರುವುದು ಒಂದು ತೂಬಲ್ಲ, ಹಲವು.

ಮದ್ದು ಇದ್ದರೆ ಸಾಲದು, ಅದು ಬಡವನ ಕೈಗೂ ಎಟುಕಬೇಕು. ಭಾರತದ ಮಾರುಕಟ್ಟೆಯಲ್ಲಿ ಇಮಾಟಿನಿಬ್‌ಗೆ ತಿಂಗಳಿಗೆ ಲಕ್ಷ ರೂಪಾಯಿಗೂ ಮೀರಿದ ಬೆಲೆಯಿತ್ತು. ನಮ್ಮ ದೇಶದ ಕಂಪನಿಗಳು ತಯಾರಿಸಿದ ಅದೇ ಮದ್ದು ಅದರ ಹತ್ತರಲ್ಲೊಂದು ಪಾಲಿನಷ್ಟು ಬೆಲೆಗೆ ದೊರೆಯುತ್ತಿತ್ತು. ಮದ್ದಿನ ಹೊಸದೊಂದು ಹರಳುರೂಪಕ್ಕೆ ಮೂಲ ಕಂಪನಿಯು ಪೇಟೆಂಟ್ ಕೋರಿತು. ಆ ರೂಪದಿಂದ ರೋಗ ಗುಣಪಡಿಸುವ ಶಕ್ತಿ ಹೆಚ್ಚಿದೆಯೆಂಬುದು ಸಿದ್ಧವಾಗಿಲ್ಲವೆಂದು ನಮ್ಮ ಸರ್ವೋಚ್ಚ ನ್ಯಾಯಾಲಯವು ೨೦೧೩ರ ಏಪ್ರಿಲ್ ೧ರಂದು ಆ ಕೋರಿಕೆಯನ್ನು ತಳ್ಳಿಹಾಕಿತು. ಅಗ್ಗದ ಮದ್ದಿನ ದಾರಿ ತೆರೆದೇ ಉಳಿಯಿತು.

ಮೊಟಕಾದ ಒಂದು ವರ್ಣತಂತುವನ್ನು ಕಂಡ ದಿನದಿಂದ ರೋಗಿಯ ಕೈಗೆ ಮದ್ದು ಬರುವವರೆಗೆ ನಾಲ್ಕು ದಶಕಗಳು ಸಂದವು. ನಲ್ಲಿಯ ನೀರಿನಲ್ಲಿ ಕೋಶಗಳನ್ನು ತೊಳೆದವರಿಗಾಗಲಿ, ಊಟದ ಮೇಜಿನ ಮೇಲೆ ಚಿತ್ರಗಳನ್ನು ಜೋಡಿಸಿದವರಿಗಾಗಲಿ ತಮ್ಮ ದುಡಿಮೆಯ ಫಲ ಇಂತಹದೇ ಎಂದು ಮೊದಲೇ ತಿಳಿದಿರಲಿಲ್ಲ. ಕಣ್ಣಿಗೆ ಬಿದ್ದ ಸಣ್ಣ ಸಂಗತಿಯನ್ನು ಅವರು ಅಲಕ್ಷಿಸಲಿಲ್ಲ. ಏಕೆ ಹೀಗೆ ಎಂದು ಕೇಳಿದರು, ಉತ್ತರ ದೊರೆಯುವವರೆಗೆ ತಾಳಿದರು. ಇಂದು ಎಷ್ಟೋ ಮನೆಗಳಲ್ಲಿ ಒಬ್ಬ ತಂದೆಯೋ ತಾಯಿಯೋ ದಿನದ ಗುಳಿಗೆಯನ್ನು ನುಂಗಿ ಎಂದಿನಂತೆ ಕೆಲಸಕ್ಕೆ ಹೊರಡುತ್ತಿದ್ದಾರೆ. ಆ ತಾಳ್ಮೆಗೆ ಸಂದ ಫಲ ಅದೇ.