ಯೆಹೂದ್ಯರ ಮಕ್ಕಳೂ ಧರ್ಮಶಾಸ್ತ್ರದ ಸುರುಳಿಯೂ

ಓದತಕ್ಕ ಭಾಗಗಳು: ಧರ್ಮೋಪದೇಶಕಾಂಡ 6:4-9, ಲೂಕ 2:41-52, 2 ತಿಮೊಥೆಯ 3:14-15.

ನಮ್ಮ ಕರ್ತನು ಹನ್ನೆರಡು ವರುಷದವನಾಗಿದ್ದಾಗ ಪಸ್ಕ ಹಬ್ಬಕ್ಕೆ ಯೆರೂಸಲೇಮಿಗೆ ಹೋಗಿ, ದೇವಾಲಯದಲ್ಲಿ ಬೋಧಕರ ನಡುವೆ ಕೂತುಕೊಂಡು ಕೇಳುತ್ತಲೂ ಪ್ರಶ್ನೆಮಾಡುತ್ತಲೂ ಇದ್ದನೆಂದು ಲೂಕನು ಬರೆದಿದ್ದಾನಷ್ಟೆ. ಆ ಜನಾಂಗದವರು ತಮ್ಮ ಮಕ್ಕಳಿಗೆ ವೇದವನ್ನು ಹೇಗೆ ಕಲಿಸುತ್ತಾರೆಂಬದನ್ನು ಈ ಪಾಠದಲ್ಲಿ ವಿಚಾರಿಸುವೆವು.

1. ಕಲಿಸುವ ಕರ್ತವ್ಯದ ಮೂಲ

ದೇವರ ಮಾತುಗಳನ್ನು ಮನೆಯಲ್ಲಿಯೂ ದಾರಿಯಲ್ಲಿಯೂ ಮಕ್ಕಳಿಗೆ ಅಭ್ಯಾಸಮಾಡಿಸಬೇಕೆಂಬ ಆಜ್ಞೆಯು ಮೋಶೆಯ ಮೂಲಕ ಮೊದಲು ತಂದೆತಾಯಿಗಳಿಗೇ ಬಂತು. ಆದರೆ ತಂದೆಯಿಲ್ಲದ ಮಗುವಿನ ಗತಿಯೇನು? ಆದದರಿಂದ ಮೊದಲನೆಯ ಶತಮಾನದಲ್ಲಿ ಯೆಹೋಶುವ ಬೆನ್ ಗಮ್ಲಾ ಎಂಬ ಮಹಾಯಾಜಕನು ಊರೂರಿಗೆ ಉಪಾಧ್ಯಾಯರನ್ನು ನೇಮಿಸಿ, ಆರೇಳು ವರುಷದ ಮಕ್ಕಳನ್ನು ಅವರ ಬಳಿಗೆ ಕಳುಹಿಸುವಂತೆ ಏರ್ಪಡಿಸಿದನೆಂದು ತಾಲ್ಮೂದ್ ಎಂಬ ಗ್ರಂಥವು ಹೇಳುತ್ತದೆ. ಒಬ್ಬ ಉಪಾಧ್ಯಾಯನಿಗೆ 25 ಮಕ್ಕಳೆಂದು ಅದರಲ್ಲಿಯೇ ಲೆಕ್ಕ ಹಾಕಿದೆ. ಮಧ್ಯಯುಗದಲ್ಲಿ ಜರ್ಮನ್ ಸೀಮೆಯ ಯೆಹೂದ್ಯರು, ಮಗುವು ಮೊದಲು ಓದಲು ಕೂತ ದಿವಸ ಹಲಿಗೆಯ ಅಕ್ಷರಗಳ ಮೇಲೆ ಜೇನು ಸವರಿ ನೆಕ್ಕಿಸುತ್ತಿದ್ದರು. ದೇವರ ವಾಕ್ಯವು ಸಿಹಿಯೆಂದು ಮಗುವಿನ ನಾಲಿಗೆಯೇ ಮೊದಲು ಅರಿಯಬೇಕೆಂಬದು ಅವರ ಆಶೆ.

2. ವಾರದ ಶಾಲೆ

ಅಮೆರಿಕದಲ್ಲಿ ಯೆಹೂದ್ಯರ ಮಕ್ಕಳಲ್ಲಿ ಅನೇಕರು ಸರಕಾರೀ ಶಾಲೆಗೆ ಹೋಗುವದರಿಂದ ವೇದಪಾಠಕ್ಕೆ ಬೇರೆ ಸಮಯ ಬೇಕಾಯಿತು. 1838ರಲ್ಲಿ ರೆಬೆಕ್ಕ ಗ್ರಾಟ್ಸ್ ಎಂಬ ಸ್ತ್ರೀಯು ಫಿಲಡೆಲ್ಫಿಯ ಪಟ್ಟಣದಲ್ಲಿ ಅವರಿಗಾಗಿ ಭಾನುವಾರದ ಶಾಲೆಯನ್ನು ಸ್ಥಾಪಿಸಿದಳು. ಈಗ ಅನೇಕ ಸಭಾಮಂದಿರಗಳಲ್ಲಿ ಭಾನುವಾರ ಬೆಳಿಗ್ಗೆಯೂ ವಾರದಲ್ಲಿ ಒಂದೆರಡು ಸಾಯಂಕಾಲವೂ ಇಬ್ರಿಯ ಪಾಠ ನಡೆಯುತ್ತದೆ. ಮಕ್ಕಳು ಬಲದಿಂದ ಎಡಕ್ಕೆ ಓದುವ 22 ಅಕ್ಷರಗಳನ್ನು ಕಲಿಯುತ್ತಾರೆ. ಅವು ವ್ಯಂಜನಗಳೇ, ಸ್ವರಗಳನ್ನು ಚುಕ್ಕೆಗಳಿಂದಲೂ ಸಣ್ಣ ಗೆರೆಗಳಿಂದಲೂ ತೋರಿಸುವರು. ಬಳಿಕ ಪ್ರಾರ್ಥನೆಗಳು, ಹಬ್ಬಗಳು, ಪಿತೃಗಳ ಚರಿತ್ರೆ ಇವು ಬರುತ್ತವೆ.

3. ಆಜ್ಞೆಗೆ ಒಳಗಾಗುವ ದಿನ

ಗಂಡುಮಗನು ಹದಿಮೂರು ವರುಷ ತುಂಬಿದಾಗ ದೇವರ ಆಜ್ಞೆಗಳಿಗೆ ತಾನೇ ಹೊಣೆಯಾಗುತ್ತಾನೆ. ಅಂಥವನಿಗೆ ಬಾರ್ ಮಿಟ್ಜ್ವಾ, ಅಂದರೆ ಆಜ್ಞೆಯ ಮಗನು, ಎಂದು ಹೆಸರು. ಹೆಣ್ಣುಮಗಳು ಬಾಟ್ ಮಿಟ್ಜ್ವಾ. ಪೂರ್ವಪದ್ಧತಿಯಂತೆ ಅವಳಿಗೆ ಹನ್ನೆರಡು ವರುಷ. ಈಗ ನಡೆಯುವ ಆಚರಣೆಯು ಮಧ್ಯಯುಗದಲ್ಲಿ ರೂಪುಗೊಂಡದ್ದು. ಆದಕಾರಣ ಲೂಕನು ಬರೆದದ್ದು ಇದನ್ನೇ ಎಂದು ನಾವು ಹೇಳಬಾರದು.

ಮೋಶೆಯ ಐದು ಪುಸ್ತಕಗಳನ್ನು 54 ಭಾಗಮಾಡಿ ವರುಷಕ್ಕೊಮ್ಮೆ ಓದಿ ಮುಗಿಸುವ ಕ್ರಮವುಂಟು. ಹುಡುಗನು ತನ್ನ ವಾರಕ್ಕೆ ಬಂದ ಭಾಗದಲ್ಲಿ ಕೆಲವು ವಚನಗಳನ್ನಾಗಲಿ, ಪ್ರವಾದಿಗಳ ಪುಸ್ತಕದಿಂದ ನೇಮಿಸಿದ ಪಾಠವನ್ನಾಗಲಿ, ಎರಡನ್ನೂ ಆಗಲಿ ರಾಗವಾಗಿ ಓದುವದಕ್ಕೆ ಅನೇಕ ತಿಂಗಳು ಅಭ್ಯಾಸಮಾಡುವನು. ಇದು ಸುಲಭವಲ್ಲ, ಯಾಕಂದರೆ ಚರ್ಮದ ಸುರುಳಿಯಲ್ಲಿ ಸ್ವರದ ಚುಕ್ಕೆಗಳೂ ಇಲ್ಲ, ರಾಗದ ಗುರುತುಗಳೂ ಇಲ್ಲ. ಅವನು ಅವೆರಡನ್ನೂ ಅಚ್ಚಿನ ಪುಸ್ತಕದಿಂದ ಕಲಿತು ನೆನಪಿನಲ್ಲಿಟ್ಟುಕೊಳ್ಳಬೇಕು. ಸುರುಳಿಯ ಬರಹವನ್ನು ಬೆರಳಿನಿಂದ ಮುಟ್ಟದೆ, ಪುಟ್ಟ ಕೈಯ ಆಕಾರದ ಕಡ್ಡಿಯಿಂದ ಸಾಲನ್ನು ತೋರಿಸುತ್ತಾ ಓದುವನು. ಅರ್ಥ ಕೆಡುವಂತೆ ತಪ್ಪಿದರೆ, ಹತ್ತಿರ ನಿಂತವರು ಕೂಡಲೇ ತಿದ್ದುವರು; ಅವನು ಹಿಂದಿರುಗಿ ಸರಿಯಾಗಿ ಓದುವನು. ಅನೇಕ ಕಡೆಗಳಲ್ಲಿ ಹುಡುಗನು ತನ್ನ ಪಾಠದ ವಿಷಯವಾಗಿ ಸಭೆಯ ಮುಂದೆ ಸ್ವಲ್ಪ ಮಾತಾಡುವದೂ ಉಂಟು. ಬಳಿಕ ಕೆಲವು ಕಡೆ ಜನರು ಅವನ ಮೇಲೆ ಮಿಠಾಯಿಗಳನ್ನು ಎರಚಿ ಸಂತೋಷಪಡುವರು. ಇವನ ಹೊಣೆಯಿಂದ ನನ್ನನ್ನು ಬಿಡಿಸಿದ ದೇವರಿಗೆ ಸ್ತೋತ್ರವೆಂಬ ಅರ್ಥದ ಮಾತನ್ನು ತಂದೆಯು ಹೇಳುವ ಪದ್ಧತಿಯೂ ಇದೆ.

ಹೆಣ್ಣುಮಕ್ಕಳಿಗೆ ಈ ಅವಕಾಶವು ತಡವಾಗಿ ಬಂತು. 1922ನೆಯ ಮಾರ್ಚ್ 18ರಂದು ನ್ಯೂಯಾರ್ಕಿನಲ್ಲಿ ರಬ್ಬಿ ಮೊರ್ದೆಕಾಯ್ ಕಪ್ಲಾನ್ ಎಂಬವರ ಮಗಳಾದ ಜೂಡಿತ್ ಸಭೆಯ ಮುಂದೆ ನಿಂತು ಓದಿದಳು. ಆದರೆ ಸುರುಳಿಯಿಂದಲ್ಲ, ಅಚ್ಚಿನ ಪುಸ್ತಕದಿಂದ. ಈಗ ಅನೇಕ ಪಂಗಡಗಳಲ್ಲಿ ಹೆಣ್ಣುಮಕ್ಕಳು ಸುರುಳಿಯಿಂದಲೇ ಓದುತ್ತಾರೆ. ಪೂರ್ವಾಚಾರವನ್ನು ಬಿಗಿಯಾಗಿ ಹಿಡಿದಿರುವವರಲ್ಲಿ ಸಾಮಾನ್ಯವಾಗಿ ಹಾಗಿಲ್ಲ.

4. ಯೆಹೂದ್ಯ ಬೋಧಕರ ದುಃಖ

ಇಷ್ಟು ಕಷ್ಟಪಟ್ಟು ಕಲಿತ ಮಕ್ಕಳಲ್ಲಿ ಅನೇಕರು ಆ ದಿನ ಕಳೆದ ಮೇಲೆ ಶಾಲೆಯ ಬಾಗಿಲಿಗೆ ಬರುವದಿಲ್ಲವೆಂದು ಅವರ ಬೋಧಕರೇ ವ್ಯಸನಪಡುತ್ತಾರೆ. ಕೆಲವರು ತಮ್ಮ ಪಾಠವನ್ನು ಗಿಳಿಯಂತೆ ಒಪ್ಪಿಸುತ್ತಾರೆ. ಅರ್ಥ ಕೇಳಿದರೆ ಬಾಯಿಬಿಡರು. ಆಜ್ಞೆಗೆ ಒಳಗಾಗುವ ದಿನವೇ ಕಲಿಯುವದನ್ನು ಬಿಡುವ ದಿನವಾಗುವದು ಎಷ್ಟು ವಿಪರೀತ! ಸುಧಾರಣಾ ಪಂಗಡದ ಯೆಹೂದ್ಯರು 19ನೆಯ ಶತಮಾನದಲ್ಲಿ ಪ್ರೊಟೆಸ್ಟಂಟ್ ಸಭೆಗಳ ದೃಢೀಕರಣವನ್ನು ನೋಡಿ, ಅಂಥದೇ ಆರಾಧನೆಯನ್ನು ತಮ್ಮಲ್ಲಿಯೂ ಏರ್ಪಡಿಸಿದರು. ಈಗ ಅದು ಹದಿನೈದು ಹದಿನಾರು ವರುಷದವರಿಗೆ ನಡೆಯುವದರಿಂದ ಮಕ್ಕಳನ್ನು ಇನ್ನೂ ಕೆಲವು ವರುಷ ಪಾಠದಲ್ಲಿ ನಿಲ್ಲಿಸಲು ಸಹಾಯವಾಗುತ್ತದೆ.

ಆದರೆ ನಮ್ಮಲ್ಲಿ ಏನಾಗುತ್ತದೆ? ಪ್ರಶ್ನೋತ್ತರವನ್ನು ತಪ್ಪಿಲ್ಲದೆ ಒಪ್ಪಿಸಿ, ಹೊಸ ಬಟ್ಟೆಯುಟ್ಟು ದೃಢೀಕರಣಕ್ಕೆ ನಿಂತ ಮಕ್ಕಳು, ಮುಂದಿನ ಸುಗ್ಗಿಯೊಳಗೆ ವೇದವನ್ನು ಗೂಡಿನಲ್ಲಿ ಧೂಳಿಗೆ ಬಿಟ್ಟದ್ದನ್ನು ನಾವು ಕಾಣಲಿಲ್ಲವೋ? ಹಾಗಿರಲಾಗಿ ಯೆಹೂದ್ಯರ ಮಕ್ಕಳ ತಪ್ಪನ್ನು ಎಣಿಸಲು ನಮಗೆ ಬಾಯಿಲ್ಲ. ತಂದೆತಾಯಿಗಳೇ, ಆ ದಿನ ನಿಮ್ಮ ಹೊಣೆ ತೀರಿತೆಂದು ನೆನಸಬೇಡಿರಿ. ತಿಮೊಥೆಯನು ಚಿಕ್ಕಂದಿನಿಂದ ಕಲಿತದ್ದರಲ್ಲಿ ನೆಲೆಗೊಂಡಿರಬೇಕೆಂದು ಪೌಲನು ಅವನಿಗೆ ಬರೆದದ್ದು ಅವನು ಬೆಳೆದು ಸಭೆಯ ಸೇವಕನಾದ ಮೇಲೆಯೇ ಅಲ್ಲವೇ? ಈ ರಾತ್ರಿ ಊಟವಾದ ಮೇಲೆ ಮಗನ ಕೈಗೆ, ಮಗಳ ಕೈಗೆ ಪುಸ್ತಕವನ್ನು ಕೊಟ್ಟು ಒಂದು ವಚನ ಓದಿಸಿರಿ, ಅರ್ಥವನ್ನೂ ಕೇಳಿರಿ. ನಿಮಗೆ ಓದು ಬಾರದಿದ್ದರೆ ಅವರೇ ನಿಮಗೆ ಓದಿ ಹೇಳಲಿ. ಅದರಿಂದ ಇಬ್ಬರಿಗೂ ಪಾಠವಾಗುವದು.

ಪ್ರಶ್ನೆಗಳು

1. ಮಕ್ಕಳಿಗೆ ಕಲಿಸುವ ಆಜ್ಞೆಯು ಮೊದಲು ಯಾರಿಗೆ ಬಂತು?
2. ಸುರುಳಿಯಿಂದ ಓದುವದು ಯಾಕೆ ಕಷ್ಟ?
3. ಬಾಯಿಪಾಠಕ್ಕೂ ಗ್ರಹಿಕೆಗೂ ಇರುವ ಭೇದವೇನು?
4. ದೃಢೀಕರಣವಾದ ಮೇಲೆ ನಿಮ್ಮ ಮನೆಯಲ್ಲಿ ವೇದವನ್ನು ಓದುವವರು ಎಷ್ಟು ಮಂದಿ?