ರೋಗನಿರ್ಣಯದ ಆ ಒಂದು ಸಾಲು

ಮೂತ್ರದ ಸೋಂಕಿಗೆ ಆಸ್ಪತ್ರೆ ಸೇರಿದವರ ವಿಮೆ ಹಣ ಕೈಗೆ ಬರುತ್ತದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಡಿಸ್ಚಾರ್ಜ್ ಸಮ್ಮರಿಯ ರೋಗನಿರ್ಣಯದ ಸಾಲಿನ ಮೇಲೆ ನಿಂತಿದೆ. ವೈದ್ಯರು ಬರೀ ‘ಯುಟಿಐ’ ಎಂದು ಬರೆದರೆ ಅದಕ್ಕೆ ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣವಾದ ಐಸಿಡಿ-10ರಲ್ಲಿ ಸಿಗುವ ಸಂಕೇತ ಎನ್ 39.0, ಅಂದರೆ ಎಲ್ಲಿ ಎಂದು ಹೇಳದ ಸೋಂಕು. ಸೋಂಕು ಮೂತ್ರಕೋಶದಲ್ಲೇ ಇದ್ದರೆ ಎನ್ 30.0, ಮೂತ್ರಪಿಂಡಕ್ಕೆ ಏರಿದ್ದರೆ ಎನ್ 10, ಗರ್ಭಿಣಿಗೆ ಬಂದಿದ್ದರೆ ಒ 23. ಮೂತ್ರದಲ್ಲಿನ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಯಲ್ಲಿ ಇ. ಕೋಲಿ ಬೆಳೆದಿದ್ದರೆ ಜೊತೆಗೆ ಬಿ 96.2 ಕೂಡ ಬೇಕು. ಮಾತ್ರೆಯಲ್ಲಿ ವಾಸಿಯಾಗುವುದಕ್ಕೆ ಅಡ್ಮಿಟ್ ಯಾಕಾದಿರಿ ಎಂದು ವಿಮಾ ಕಂಪನಿ ಕೇಳಿದಾಗ ಎನ್ 39.0 ಬಾಯಿ ಬಿಡುವುದಿಲ್ಲ. ಚಳಿಜ್ವರವಿತ್ತು, ವಾಂತಿಯಿಂದ ಮಾತ್ರೆ ನಿಲ್ಲುತ್ತಿರಲಿಲ್ಲ, ಬಾಯಿಂದ ಕೊಡುವ ಔಷಧಿಗಳಿಗೆ ಆ ಬ್ಯಾಕ್ಟೀರಿಯಾ ಜಗ್ಗುವುದಿಲ್ಲವೆಂದು ಕಲ್ಚರ್ ವರದಿ ಹೇಳಿತ್ತು ಎಂಬ ವಿವರಗಳೇ ಅದಕ್ಕೆ ಉತ್ತರ. ವೈದ್ಯರು ಬರೆಯದಿದ್ದುದನ್ನು ಸಂಕೇತ ಹಾಕುವವರು ತಾವಾಗಿ ಊಹಿಸಿ ಸೇರಿಸುವಂತಿಲ್ಲ.

ಇದೆಲ್ಲ ಆಸ್ಪತ್ರೆಯ ಒಳವ್ಯವಹಾರ, ರೋಗಿಗೇಕೆ ಎನ್ನುವವರಿದ್ದಾರೆ. ಕಾನೂನು ಹಾಗೆ ಹೇಳುವುದಿಲ್ಲ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನಡತೆಯ ನಿಯಮಗಳ ಪ್ರಕಾರ ಒಳರೋಗಿಯ ದಾಖಲೆಗಳನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಇಡಬೇಕು. ರೋಗಿಯಾಗಲಿ ಅವರು ಅಧಿಕಾರ ಕೊಟ್ಟವರಾಗಲಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಅರ್ಜಿಯನ್ನು ಬರಹದಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಸಮ್ಮರಿಯಷ್ಟೇ ಅಲ್ಲ, ಕೇಸ್ ಶೀಟ್, ಔಷಧಿ ಚಾರ್ಟ್, ಕಲ್ಚರ್ ವರದಿ ಎಲ್ಲವನ್ನೂ ಹೆಸರಿಸಿ ಕೇಳಿ. ಕಲ್ಚರ್ ವರದಿ ಬರಲು ಎರಡು ಮೂರು ದಿನ ಹಿಡಿಯುವುದರಿಂದ ಎಷ್ಟೋ ಸಲ ಅದು ಡಿಸ್ಚಾರ್ಜ್ ಆದ ಮೇಲೆ ಬಂದು, ಸಮ್ಮರಿಗೆ ಸೇರುವುದೇ ಇಲ್ಲ.

ರೋಗಿಗಳು ಹೀಗೆ ದಾಖಲೆ ಪಡೆದು, ಸಮ್ಮರಿಯಲ್ಲಿ ಇಲ್ಲದ್ದನ್ನು ಸೇರಿಸಿ ಎಂದು ಕೇಳತೊಡಗಿದರೆ ದಾಖಲೆ ತಿರುಚುವ ಒತ್ತಡ ಹುಟ್ಟುತ್ತದೆ ಎಂಬ ಆಕ್ಷೇಪ ಹಗುರವಾದದ್ದಲ್ಲ. ಯಾವ ತೊಂದರೆಯೂ ಇಲ್ಲದೆ ಮೂತ್ರದಲ್ಲಿ ಬ್ಯಾಕ್ಟೀರಿಯಾ ಮಾತ್ರ ಕಂಡರೆ ಅದು ಸೋಂಕಲ್ಲ. ಅದನ್ನು ಸೋಂಕೆಂದು ಬರೆಸುವುದು ವಂಚನೆ, ಕ್ಲೈಮನ್ನೇ ಕಳೆಯುತ್ತದೆ. ಆದರೆ ಕೇಸ್ ಶೀಟ್‌ನಲ್ಲೂ ಲ್ಯಾಬ್ ವರದಿಯಲ್ಲೂ ಇರುವುದು ಸಮ್ಮರಿಯಲ್ಲಿ ಬಿಟ್ಟುಹೋಗಿದ್ದರೆ ಸೇರಿಸಿ ಎಂದು ಕೇಳುವುದು ನ್ಯಾಯ. ಹಳೆಯ ಬರಹವನ್ನು ಅಳಿಸದೆ, ವೈದ್ಯರು ಸಹಿ, ದಿನಾಂಕ ಹಾಕಿ ತಿದ್ದುಪಡಿ ಕೊಟ್ಟರೆ ಅದಕ್ಕೆ ಬೆಲೆ ಇರುತ್ತದೆ.

ಅಷ್ಟಾದರೂ ಕ್ಲೈಮ್ ತಿರಸ್ಕೃತವಾದರೆ, ಪಾಲಿಸಿಯ ಯಾವ ಷರತ್ತಿನಡಿ ಎಂಬುದನ್ನು ಕಂಪನಿ ತಿಳಿಸಲೇಬೇಕು. ವಿಮಾ ನಿಯಂತ್ರಕ ಐಆರ್‌ಡಿಎಐನ 2024ರ ಸುತ್ತೋಲೆಯಂತೆ ಕಂಪನಿಯ ಕ್ಲೈಮ್ ಪರಿಶೀಲನಾ ಸಮಿತಿ ಒಪ್ಪದೆ ತಿರಸ್ಕರಿಸುವಂತೆಯೂ ಇಲ್ಲ. ಮೊದಲು ಕಂಪನಿಗೆ ಲಿಖಿತ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಕರ್ನಾಟಕದವರು ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಬಳಿ ಹೋಗಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಗ್ರಾಹಕ ಆಯೋಗದ ದಾರಿ ಹಿಡಿಯುವವರಿಗೆ 2 ವರ್ಷದ ಗಡುವಿದೆ.