ಕಟ್ಟಡ ಆಮೇಲೆ, ಮೊದಲು ವಾರ್ಡ್ ನೋಡು

ಪ್ರಶ್ನೆ: ಅಕ್ಕಾರ, ನಾನು ಇಂಡಿ ತಾಲೂಕಿನ ಲಚ್ಯಾಣದಾಕಿ. ಪಿಯುಸಿ ಸೈನ್ಸ್ ಮುಗಿಸೀನಿ, ಸಿಇಟಿನೂ ಬರದೀನಿ. ನರ್ಸಿಂಗ್ ಮಾಡಬೇಕಂತ ನನಗ ಮೊದಲಿನಿಂದ ಆಸೆ. ಆದರ ಎಲ್ಲಿ ಕಲೀಬೇಕು ಅನ್ನೂದ ಮನ್ಯಾಗ ದೊಡ್ಡ ಚರ್ಚೆ ಆಗೇದ. ನಮ್ಮ ಕಾಕಾ ಬೆಂಗಳೂರಿನ ಒಬ್ಬ ಏಜೆಂಟರನ್ನ ಕರಕೊಂಡು ಬಂದಿದ್ದರು. ಅವರು ಬಣ್ಣದ ಪುಸ್ತಕ ತೋರಿಸಿ, ‘ಸೀಟ್ ಬುಕ್ ಮಾಡಲಿಕ್ಕೆ ಇಪ್ಪತ್ತು ಸಾವಿರ ರೊಕ್ಕ, ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೊಡ್ರಿ, ಉಳಿದದ್ದೆಲ್ಲ ನಾವ ನೋಡ್ಕೋತೀವಿ’ ಅಂದರು. ಅವ್ವ ವಿಜಯಪುರ ದಾಟಿ ಕಳಸಂಗಿಲ್ಲ ಅಂತಾಳ. ಸೊಲ್ಲಾಪುರದಾಗ ಇರೂ ಸೋದರಮಾವ ‘ನಮ್ಮ ಮನ್ಯಾಗ ಇದ್ದು ಕಲೀಲಿ’ ಅಂತಾರ. ಅಪ್ಪ ಏನೂ ಮಾತಾಡೂದಿಲ್ಲ. ಆದರ ಲಿಂಬಿ ತೋಟದ ಮ್ಯಾಲೆ ಸಾಲ ತೆಗೀಬೇಕಾಗ್ತದೋ ಏನೋ ಅಂತ ಅವ್ವನ ಮುಂದ ಅಂದದ್ದು ನನ್ನ ಕಿವಿಗೆ ಬಿತ್ತು. ಓಣ್ಯಾಗಿನವರು ಬ್ಯಾರೆ, ‘ರಾತ್ರಿ ಡ್ಯೂಟಿ ಮಾಡೂ ಹುಡುಗೀನ್ನ ಯಾರ ಮಾಡ್ಕೋತಾರ’ ಅಂತಾರ. ಒಳ್ಳೆ ಕಾಲೇಜು ಯಾವುದು ಅಂತ ಒಂದ ಹೆಸರು ಹೇಳ್ರಿ, ನಾ ಅಲ್ಲಿಗೇ ಹೋಗ್ತೀನಿ.
– ಹೆಸರು ಬ್ಯಾಡ, ಲಚ್ಯಾಣ

ಉತ್ತರ: ತಂಗಿ, ಹೆಸರು ಹೇಳುವುದಿಲ್ಲ. ಈ ವರ್ಷ ಚೆನ್ನಾಗಿರುವ ಕಾಲೇಜಿನಿಂದ ಮುಂದಿನ ವರ್ಷ ಒಳ್ಳೆಯ ಮೇಡಂಗಳೆಲ್ಲ ಬಿಟ್ಟು ಹೋಗಿರಬಹುದು. ಯಾವ ಕಾಲೇಜಿನ ಬಾಗಿಲಿಗೆ ಹೋದರೂ ನೀನೇ ಅದರ ಯೋಗ್ಯತೆ ಅಳೆಯುವುದು ಹೇಗೆಂದು ಹೇಳುತ್ತೇನೆ. ಇದರ ಮೂಲ ಒಂದೇ ಮಾತು: ನರ್ಸಿಂಗ್ ಕಲಿಯುವುದು ರೋಗಿಯ ಹಾಸಿಗೆಯ ಪಕ್ಕದಲ್ಲಿ. ಆದ್ದರಿಂದ ಕಾಲೇಜು ಆರಿಸುವುದೆಂದರೆ ದವಾಖಾನೆ ಆರಿಸುವುದು.

ಅದಕ್ಕೂ ಮೊದಲು ಇವತ್ತೇ ಮಾಡಬೇಕಾದ ಕೆಲಸವೊಂದಿದೆ. ಆ ಏಜೆಂಟರಿಗೆ ರೊಕ್ಕ ಕೊಡಬೇಡಿ, ಮಾರ್ಕ್ಸ್ ಕಾರ್ಡನ್ನಂತೂ ಕೊಡಲೇಬೇಡಿ. 2023ರಿಂದ ಕರ್ನಾಟಕದಲ್ಲಿ ಬಿ.ಎಸ್ಸಿ. ನರ್ಸಿಂಗ್‌ನ ಸರ್ಕಾರಿ ಕೋಟಾದ ಸೀಟುಗಳನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ಸಿಇಟಿ ಮೂಲಕ ಹಂಚುತ್ತಿದೆ. ಸಿಇಟಿ ಬರೆದಿರುವ ನೀನು ಆ ಸಾಲಿನಲ್ಲಿ ಆಗಲೇ ನಿಂತಿದ್ದೀಯ. ಸೀಟು ಸಿಕ್ಕ ಮೇಲೆ ಕಾಲೇಜಿನಲ್ಲಿ ಮೂಲ ದಾಖಲೆ ತೋರಿಸಬೇಕು. ಆಗ ಮಾರ್ಕ್ಸ್ ಕಾರ್ಡ್ ಏಜೆಂಟರ ಕಪಾಟಿನಲ್ಲಿದ್ದರೆ ಅವರು ಹೇಳಿದ ಕಾಲೇಜಿಗೇ ಹೋಗದೆ ನಿನಗೆ ಬೇರೆ ದಾರಿ ಇರುವುದಿಲ್ಲ. ಅವರು ಅದನ್ನು ಕೇಳುವುದೂ ಇದೇ ಕಾರಣಕ್ಕೆ. ಹುಡುಗಿಯೊಬ್ಬಳನ್ನು ಸೇರಿಸಿದರೆ ಇಂತಿಷ್ಟು ಎಂದು ಕಮಿಷನ್ ಕೊಡುವ ಕಾಲೇಜುಗಳಿವೆ. ಆ ಕಮಿಷನ್ ಕೊನೆಗೆ ನಿನ್ನ ಅಪ್ಪನ ಕಿಸೆಯಿಂದಲೇ ಹೋಗುತ್ತದೆ.

ನಿನ್ನ ಸಿಇಟಿ ಅರ್ಜಿಯನ್ನು ಇನ್ನೊಮ್ಮೆ ತೆಗೆದು ನೋಡು. ಒಂದರಿಂದ ಹತ್ತನೇ ತರಗತಿಯವರೆಗೆ ಹಳ್ಳಿಯಲ್ಲಿ ಓದಿದವರಿಗೆ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಮೀಸಲಾತಿ ಇದೆ. ಅದಕ್ಕೆ ಶಾಲೆಯಿಂದ ಪಡೆದ, ಬಿಇಒ ಮೇಲುರುಜು ಇರುವ ವ್ಯಾಸಂಗ ಪ್ರಮಾಣಪತ್ರ ಬೇಕು. ನಮ್ಮ ಹಳ್ಳಿಗಳ ಎಷ್ಟೋ ಮಕ್ಕಳು ಈ ಕಾಗದ ಹೊಂದಿಸಿಕೊಳ್ಳದೆ ತಮ್ಮ ಪಾಲಿನ ಸೀಟು ಕಳೆದುಕೊಳ್ಳುತ್ತಾರೆ. ಇನ್ನೊಂದು ಮಾತು. ಭೀಮಾ ನದಿಯಾಚೆ ಅಫಜಲಪುರ ತಾಲೂಕಿನ ಗೆಳತಿಗೆ ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ಸಿಕ್ಕಿತೆಂದು ನೀನೂ ಅದನ್ನು ನಂಬಿಕೊಂಡು ಕೂರಬೇಡ. ಅದು ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ಮಾತ್ರ, ವಿಜಯಪುರ ಜಿಲ್ಲೆ ಅದರಲ್ಲಿಲ್ಲ. ‘ಕಲಬುರಗಿಯಲ್ಲಿ 371(ಜೆ) ಸೀಟು ಕೊಡಿಸ್ತೀನಿ’ ಎಂದು ಇಂಡಿ ತಾಲೂಕಿನವರಿಗೆ ಹೇಳುವವನು ಸುಳ್ಳು ಹೇಳುತ್ತಿದ್ದಾನೆ ಎಂದೇ ತಿಳಿ.

ಈಗ ಕೋರ್ಸ್. ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷ. ಇದಕ್ಕೆ ಫಿಜಿಕ್ಸ್, ಕೆಮಿಸ್ಟ್ರಿ, ಬಯಾಲಜಿಯಲ್ಲಿ ಒಟ್ಟು ಶೇ 45 ಅಂಕ ಬೇಕು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ 40 ಸಾಕು. ಇಂಗ್ಲಿಷ್ ಪಾಸಾಗಿರಬೇಕು, ಆ ವರ್ಷದ ಡಿಸೆಂಬರ್ 31ಕ್ಕೆ 17 ವರ್ಷ ತುಂಬಿರಬೇಕು. ಜಿಎನ್‌ಎಂ ಮೂರು ವರ್ಷದ ಡಿಪ್ಲೊಮಾ. ಆರ್ಟ್ಸ್, ಕಾಮರ್ಸ್ ಓದಿದವರಿಗೂ ಅದು ಸಿಗುತ್ತದೆ. ಎರಡೂ ಮುಗಿಸಿದವರು ರಿಜಿಸ್ಟರ್ ಆದ ನರ್ಸ್‌ಗಳೇ. ಆದರೆ ಮುಂದೆ ವ್ಯತ್ಯಾಸ ಎದ್ದು ಕಾಣುತ್ತದೆ. ಏಮ್ಸ್‌ಗಳಲ್ಲಿ ನರ್ಸಿಂಗ್ ಆಫೀಸರ್ ಆಗಲು ನಾರ್‌ಸೆಟ್ ಎಂಬ ಪರೀಕ್ಷೆ ಇದೆ. ಬಿ.ಎಸ್ಸಿ. ಮುಗಿಸಿದವಳು ನೇರವಾಗಿ ಬರೆಯಬಹುದು. ಜಿಎನ್‌ಎಂ ಮಾಡಿದವಳು ಮೊದಲು 50 ಹಾಸಿಗೆಯ ಆಸ್ಪತ್ರೆಯಲ್ಲಿ ಎರಡು ವರ್ಷ ಕೆಲಸ ಮಾಡಿರಬೇಕು. ಎಂ.ಎಸ್ಸಿ. ಮಾಡಬೇಕೆಂದರೂ ನಡುವೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಓದಬೇಕು. ಸೈನ್ಸ್ ಓದಿ ಸಿಇಟಿಯನ್ನೂ ಬರೆದಿರುವ ನಿನಗೆ ನನ್ನ ಸಲಹೆ ಬಿ.ಎಸ್ಸಿ. ಆದರೂ ದವಾಖಾನೆಯೇ ಇಲ್ಲದ ಕಾಲೇಜಿನ ಬಿ.ಎಸ್ಸಿ.ಗಿಂತ ರೋಗಿಗಳು ತುಂಬಿದ ದವಾಖಾನೆಯ ಜಿಎನ್‌ಎಂ ಮೇಲು. ಮನೆಯ ಪರಿಸ್ಥಿತಿಗೆ ಅದೇ ಸರಿ ಎನಿಸಿದರೆ ಸಂಕೋಚ ಬೇಡ.

ಮುಂದಿನದು ಕಾಗದಪತ್ರ. ಬಿ.ಎಸ್ಸಿ. ಆದರೆ ಕಾಲೇಜು ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಯೋಜನೆ ಪಡೆದಿದೆಯೇ, ಅಥವಾ ಯಾವ ಡೀಮ್ಡ್ ವಿಶ್ವವಿದ್ಯಾಲಯಕ್ಕೆ ಸೇರಿದೆ ಎಂದು ವಿಚಾರಿಸು. ಜಿಎನ್‌ಎಂ ಆದರೆ ರಾಜ್ಯದ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿಯ ಪಟ್ಟಿಯಲ್ಲಿ ಹೆಸರಿರಬೇಕು. ಎರಡಕ್ಕೂ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನ ಮಾನ್ಯತೆ ಬೇಕು. ಕೋರ್ಸ್ ಮುಗಿದ ಮೇಲೆ ನಿನ್ನ ಹೆಸರು ನೋಂದಾಯಿಸುವುದು ಆ ಕೌನ್ಸಿಲ್ಲೇ, ನೋಂದಣಿ ಇಲ್ಲದ ಡಿಗ್ರಿಯಿಂದ ಕೆಲಸ ಸಿಗುವುದಿಲ್ಲ. ಬೇರೆ ರಾಜ್ಯಕ್ಕೋ ವಿದೇಶಕ್ಕೋ ಹೋಗುವ ಯೋಚನೆ ಇದ್ದರೆ ಭಾರತೀಯ ನರ್ಸಿಂಗ್ ಕೌನ್ಸಿಲ್‌ನ ಪಟ್ಟಿಯನ್ನೂ ನೋಡಿಕೊ. ಮಾನ್ಯತೆಯನ್ನು ವರ್ಷವರ್ಷವೂ ನವೀಕರಿಸಬೇಕಾಗುತ್ತದೆ. ಆಫೀಸಿನ ಗೋಡೆಗೆ ಫ್ರೇಮ್ ಹಾಕಿದ ಹಳೆಯ ಪತ್ರ ತೋರಿಸಿದರೆ ‘ಈ ವರ್ಷದ್ದು ಕೊಡ್ರಿ, ನೋಡ್ತೀನಿ’ ಅನ್ನು. ಇವೆಲ್ಲ ಆಯಾ ಸಂಸ್ಥೆಗಳ ವೆಬ್‌ಸೈಟಿನಲ್ಲೂ ಸಿಗುತ್ತವೆ, ಊರಿನ ಕಂಪ್ಯೂಟರ್ ಅಂಗಡಿಯಲ್ಲೇ ನೋಡಬಹುದು.

ಕಾಗದ ಸರಿಯಿದ್ದರೆ ಅರ್ಧ ಕೆಲಸ ಮುಗಿದಂತೆ. ಉಳಿದರ್ಧ ಕಣ್ಣಿಂದಲೇ ಆಗಬೇಕು. ಇಂಡಿ ಲಿಂಬೆ ಖರೀದಿಗೆ ಬರುವ ವ್ಯಾಪಾರಿ ಚೀಲದ ಬಾಯಲ್ಲಿರುವ ಹಣ್ಣು ನೋಡಿ ದರ ಹೇಳುವುದಿಲ್ಲ, ಕೈ ಇಳಿಸಿ ತಳದ ಹಣ್ಣು ತೆಗೆದು ನೋಡುತ್ತಾನೆ. ನೀನೂ ಹಾಗೇ ಮಾಡು. ಬೆಳಿಗ್ಗೆ ಒಂಬತ್ತು ಗಂಟೆಗೆ ಆ ಕಾಲೇಜಿನ ದವಾಖಾನೆಗೆ ಹೋಗು. ಒಪಿಡಿ ಚೀಟಿ ಮಾಡಿಸುವ ಕಡೆ ಸಾಲು ಇದೆಯೇ? ವಾರ್ಡಿನಲ್ಲಿ ಹಾಸಿಗೆಗಳ ಮೇಲೆ ರೋಗಿಗಳಿದ್ದಾರೆಯೇ, ಇಲ್ಲವೇ ಮಡಿಸಿದ ಚಾದರ ಮಾತ್ರ ಇದೆಯೇ? ಯೂನಿಫಾರ್ಮ್ ಹಾಕಿದ ಹುಡುಗಿಯರು ಬಿಪಿ ನೋಡುತ್ತ, ಸಲೈನ್ ಬದಲಿಸುತ್ತ, ಜ್ವರದ ಚಾರ್ಟ್ ಬರೆಯುತ್ತ ಓಡಾಡುತ್ತಿದ್ದಾರೋ, ಮೂಲೆಯ ಬೆಂಚಿನ ಮೇಲೆ ಒಬ್ಬಳ ಫೈಲು ನೋಡಿ ಇನ್ನೊಬ್ಬಳು ನಕಲು ಮಾಡುತ್ತಿದ್ದಾಳೋ?

ಭಾರತೀಯ ನರ್ಸಿಂಗ್ ಕೌನ್ಸಿಲ್‌ನ ನಿಯಮದಂತೆ ಒಬ್ಬ ವಿದ್ಯಾರ್ಥಿನಿಗೆ ಮೂವರು ರೋಗಿಗಳಿರಬೇಕು, ಹತ್ತು ವಿದ್ಯಾರ್ಥಿನಿಯರಿಗೆ ಒಬ್ಬ ಟೀಚರ್ ಇರಬೇಕು. ಅಂದರೆ ಅರವತ್ತು ಹುಡುಗಿಯರು ಒಂದೇ ಹೊತ್ತಿಗೆ ವಾರ್ಡಿಗೆ ಇಳಿದರೆ ಅಲ್ಲಿ ನೂರೆಂಬತ್ತು ರೋಗಿಗಳು ಮಲಗಿರಬೇಕು. ಇಪ್ಪತ್ತು ಹಾಸಿಗೆಯ ನರ್ಸಿಂಗ್ ಹೋಂ ತೋರಿಸಿ ‘ಇದೇ ನಮ್ಮ ಆಸ್ಪತ್ರೆ’ ಎನ್ನುವವರ ಲೆಕ್ಕ ಎಷ್ಟು ದೂರ ಎಂದು ನೀನೇ ನೋಡು. ಸ್ವಂತ ಆಸ್ಪತ್ರೆ ಇಲ್ಲದವರು ಬೇರೆ ಆಸ್ಪತ್ರೆಯೊಂದಿಗೆ ಒಪ್ಪಂದ ಮಾಡಿಕೊಂಡಿರುತ್ತಾರೆ. ಹಾಗಿದ್ದರೆ ಒಪ್ಪಂದದ ಪತ್ರ ಕೇಳು, ಅಲ್ಲಿಗೆ ಬಸ್ ಯಾರು ಬಿಡುತ್ತಾರೆ ಎಂದೂ ಕೇಳು. ಹೆರಿಗೆ ವಾರ್ಡ್, ಮಕ್ಕಳ ವಾರ್ಡ್, ಐಸಿಯು ಪೋಸ್ಟಿಂಗ್ ಎಲ್ಲಿ? ಮಾನಸಿಕ ಆರೋಗ್ಯದ ಪೋಸ್ಟಿಂಗ್‌ಗೆ ಧಾರವಾಡದ ಡಿಮ್ಹಾನ್ಸ್‌ನಂಥ ಕಡೆ ಕಳಿಸುತ್ತಾರೋ, ಪುಸ್ತಕದಲ್ಲೇ ಮುಗಿಸುತ್ತಾರೋ?

ಆಮೇಲೆ ಪ್ರಾಕ್ಟಿಕಲ್ ಲ್ಯಾಬ್. ಇಂಜೆಕ್ಷನ್ ಕಲಿಯಲು ಅಲ್ಲಿ ರಬ್ಬರಿನ ತೋಳು ಇಟ್ಟಿರುತ್ತಾರೆ. ಅದರ ಮೇಲೆ ಸೂಜಿಯ ತೂತುಗಳಿರಬೇಕು. ನಿನ್ನೆ ತಂದಂತೆ ಹೊಳೆಯುತ್ತಿದ್ದರೆ ಅದನ್ನು ಇಟ್ಟಿರುವುದು ಇನ್‌ಸ್ಪೆಕ್ಷನ್ನಿಗೆ. ಕೊನೆಯ ವರ್ಷದ ಹುಡುಗಿಯನ್ನು ಮಾತಾಡಿಸು. ಕಾಲೇಜಿನವರು ಕರೆದು ತೋರಿಸಿದವಳನ್ನು ಬಿಟ್ಟು ಕ್ಯಾಂಟೀನಿನಲ್ಲಿ ಸಿಕ್ಕವಳನ್ನು ಕೇಳು: ‘ಅಕ್ಕಾ, ಹೆರಿಗೆ ಕೋಣೆಯೊಳಗ ನಿನ್ನ ಕೈಲೆ ಕೂಸು ಹಿಡದಿಯೇನು? ರಾತ್ರಿ ಪೋಸ್ಟಿಂಗ್ ಆದಾಗ ಹಾಸ್ಟೆಲ್‌ತನ ಯಾರು ಬಿಡ್ತಾರ?’ ಅವಳ ಮುಖವೇ ಉತ್ತರ ಹೇಳುತ್ತದೆ. ‘ಕಾಲೇಜಿಗೆ ಬರದಿದ್ದರೂ ನಡೀತದ, ಹಾಜರಿ ನಾವು ಹಾಕ್ತೀವಿ’ ಎಂದು ಯಾರಾದರೂ ಅಂದರೆ ಅಲ್ಲಿಂದ ಎದ್ದು ಬಂದುಬಿಡು. ಪರೀಕ್ಷೆಗೆ ಕೂರಲು ಶೇ 80 ಹಾಜರಿ ಬೇಕು, ಪ್ರಾಯೋಗಿಕ ತರಬೇತಿಯನ್ನು ಪೂರ್ತಿ ಶೇ 100 ಮುಗಿಸದೆ ಡಿಗ್ರಿ ಕೊಡುವಂತಿಲ್ಲ. ವಾರ್ಡಿಗೆ ಹೋಗದೆ ಪಾಸಾದವಳ ಕೈಗೆ ನಾಳೆ ಯಾರದೋ ಜೀವ ಬರುತ್ತದೆ.

ಇನ್ನು ಊರು. ನಿಮ್ಮೂರ ಸ್ಟೇಷನ್ನಿನಲ್ಲಿ ರೈಲು ಹತ್ತಿದರೆ ಒಂದು ದಿಕ್ಕಿಗೆ ಸೊಲ್ಲಾಪುರ, ಇನ್ನೊಂದು ದಿಕ್ಕಿಗೆ ವಿಜಯಪುರ. ಸೋದರಮಾವನ ಮನೆ ಇದ್ದರೆ ಹಾಸ್ಟೆಲ್ ಖರ್ಚು ಉಳಿಯುತ್ತದೆ ನಿಜ. ಆದರೆ ಸೊಲ್ಲಾಪುರದ ಕಾಲೇಜುಗಳು ನಾಶಿಕದ ಮಹಾರಾಷ್ಟ್ರ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯದ ಅಡಿಯಲ್ಲಿ ಬರುತ್ತವೆ. ಪ್ರವೇಶದ ಪದ್ಧತಿ ಅವರದೇ, ಹೊರರಾಜ್ಯದ ನಿನಗೆ ಅಲ್ಲಿಯ ಮೀಸಲಾತಿ ಸಿಗುವುದಿಲ್ಲ. ಕಲಿತು ಇಲ್ಲಿಗೆ ಬಂದರೆ ನೋಂದಣಿಯನ್ನು ಕರ್ನಾಟಕ ಕೌನ್ಸಿಲ್‌ಗೆ ವರ್ಗ ಮಾಡಿಸಬೇಕು. ಹೋಗಲೇಬಾರದೆಂದಿಲ್ಲ, ಈ ಖರ್ಚು ತಿರುಗಾಟವನ್ನೂ ಲೆಕ್ಕಕ್ಕೆ ಹಿಡಿ ಎನ್ನುತ್ತೇನೆ ಅಷ್ಟೆ. ಬೆಂಗಳೂರಿನಲ್ಲಿ ದೊಡ್ಡ ಆಸ್ಪತ್ರೆಗಳಿವೆ, ಒಂದು ಮಹಡಿಯಲ್ಲೇ ಮುಗಿದುಹೋಗುವ ಕಾಲೇಜುಗಳೂ ಇವೆ. ಊರಿನ ಹೆಸರು ನೋಡಿ ಮರುಳಾಗಬೇಡ. ವಿಜಯಪುರದಲ್ಲಿ ಜಿಲ್ಲಾ ಆಸ್ಪತ್ರೆ, ಸೊಲ್ಲಾಪುರ ರಸ್ತೆಯ ಬಿಎಲ್‌ಡಿಇ ಬಿ.ಎಂ. ಪಾಟೀಲ ಆಸ್ಪತ್ರೆ, ಅಥಣಿ ರಸ್ತೆಯ ಅಲ್-ಅಮೀನ್ ಆಸ್ಪತ್ರೆ ಇವೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಜನ ಕಾಯಿಲೆ ಜೋರಾದಾಗ ಓಡುವುದು ಇಂಥ ಕಡೆಗೇ. ಆದ್ದರಿಂದ ಅಲ್ಲಿಯ ಕಾಲೇಜುಗಳಿಗೆ ‘ನಿಮ್ಮ ಹುಡುಗಿಯರ ಪೋಸ್ಟಿಂಗ್ ಯಾವ ಆಸ್ಪತ್ರೆಯಲ್ಲಿ, ವಾರಕ್ಕೆ ಎಷ್ಟು ದಿನ?’ ಎಂಬ ಒಂದೇ ಪ್ರಶ್ನೆ ಕೇಳು. ನೇರ ಉತ್ತರ ಕೊಟ್ಟವರ ಹೆಸರನ್ನು ಕೆಇಎಗೆ ಕೊಡುವ ಕಾಲೇಜುಗಳ ಆಯ್ಕೆ ಪಟ್ಟಿಯಲ್ಲಿ, ಅಂದರೆ ಆಪ್ಷನ್ ಎಂಟ್ರಿಯಲ್ಲಿ, ಮೇಲೆ ಹಾಕು. ಅವ್ವನ ಮಾತಿನಲ್ಲಿ ನ್ಯಾಯವಿದೆ ಎಂದೇ ನನಗೆ ಅನ್ನಿಸುತ್ತದೆ.

ಕನ್ನಡ ಮಾಧ್ಯಮದವಳು ಎಂಬ ಅಳುಕು ಇದ್ದರೆ ಬಿಡು. ಪಾಠ, ಪರೀಕ್ಷೆ ಇಂಗ್ಲಿಷಿನಲ್ಲಿ ಇರುವುದರಿಂದ ಮೊದಲ ಸೆಮಿಸ್ಟರ್ ಕಷ್ಟವಾಗುತ್ತದೆ, ಅನಾಟಮಿಯ ಹೆಸರುಗಳು ಬಾಯಿಗೇ ಬರುವುದಿಲ್ಲ. ಆದರೆ ವಾರ್ಡಿನಲ್ಲಿ ಸಿಂದಗಿ ಕಡೆಯ ಅಜ್ಜಿ ‘ಎದಿ ಹಿಡದಂಗ ಆಗೇದವ್ವಾ, ಕಣ್ಣಿಗೆ ಕತ್ತಲಿ ಬರ್ತದ’ ಎಂದಾಗ ಅದು ಥಟ್ಟನೆ ತಿಳಿಯುವುದು ನಿನಗೇ. ಆ ಹೊತ್ತಿನಲ್ಲಿ ಡಾಕ್ಟರಿಗೆ ಮೊದಲು ಸುದ್ದಿ ಮುಟ್ಟಿಸುವವಳು ನೀನಾಗಿರುತ್ತೀಯ.

ಅಪ್ಪನ ಸಾಲದ ಮಾತಿಗೆ ಬರೋಣ. ಕಾಲೇಜಿನವರಿಂದ ನಾಲ್ಕೂ ವರ್ಷದ ಒಟ್ಟು ಲೆಕ್ಕವನ್ನು ಬರೆಸಿಕೊಳ್ಳಿ: ಟ್ಯೂಷನ್, ಹಾಸ್ಟೆಲ್, ಯೂನಿಫಾರ್ಮ್, ಪುಸ್ತಕ, ಪರೀಕ್ಷೆ, ಪೋಸ್ಟಿಂಗ್, ಬಸ್. ಮೊದಲ ವರ್ಷದ್ದು ಕಡಿಮೆ ಹೇಳಿ ಎರಡನೇ ವರ್ಷ ಏರಿಸುವುದು ಹಳೆಯ ಚಾಳಿ. ಸರ್ಕಾರ ನಿಗದಿ ಮಾಡಿದ ಶುಲ್ಕ ಎಷ್ಟೆಂದು ಕೆಇಎ ಪ್ರಕಟಣೆ ನೋಡಿ ಹೋಲಿಸಿ, ಕೊಟ್ಟ ಪ್ರತಿ ರೂಪಾಯಿಗೂ ರಸೀದಿ ಕೇಳಿ. ಜಾತಿ, ಆದಾಯ ಪ್ರಮಾಣಪತ್ರ ಈಗಲೇ ಮಾಡಿಸಿಟ್ಟು ರಾಜ್ಯ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕು. ಅಷ್ಟಾದರೂ ಸಾಲದಿದ್ದರೆ ಬ್ಯಾಂಕಿನ ಶಿಕ್ಷಣ ಸಾಲವಿದೆ. 4 ಲಕ್ಷ ರೂಪಾಯಿವರೆಗೆ ಆಸ್ತಿ ಅಡ ಇಡಬೇಕಿಲ್ಲ, ಕಂತು ಶುರುವಾಗುವುದೂ ಕೋರ್ಸ್ ಮುಗಿದ ಮೇಲೆ. ವಿದ್ಯಾಲಕ್ಷ್ಮಿ ಪೋರ್ಟಲ್ ಮೂಲಕ ಅರ್ಜಿ ಹಾಕಬಹುದು. ಲಿಂಬಿ ತೋಟಕ್ಕೆ ಕೈ ಹಚ್ಚುವ ಮೊದಲು ಈ ದಾರಿಗಳನ್ನು ನೋಡಿ. ಒಂದು ಸತ್ಯವನ್ನೂ ಹೇಳಿಬಿಡುತ್ತೇನೆ: ಖಾಸಗಿ ಆಸ್ಪತ್ರೆಯಲ್ಲಿ ಮೊದಮೊದಲ ಪಗಾರ ಕಡಿಮೆ. ಅನುಭವ ಬಂದ ಹಾಗೆ, ಸರ್ಕಾರಿ ನೇಮಕಾತಿಯ ಪರೀಕ್ಷೆ ಬರೆದ ಹಾಗೆ ಕೈ ಮೇಲಾಗುತ್ತದೆ. ಹಾಗಾಗಿ ಶುಲ್ಕ ಹೆಚ್ಚಿದಷ್ಟೂ ಕಾಲೇಜು ಒಳ್ಳೆಯದು ಎಂಬ ಲೆಕ್ಕ ನರ್ಸಿಂಗ್‌ಗೆ ಹೊಂದುವುದಿಲ್ಲ.

ರಾತ್ರಿ ಡ್ಯೂಟಿ ಇದೆ, ಅದನ್ನು ಮುಚ್ಚಿಡುವುದಿಲ್ಲ. ರೋಗ ಹಗಲು ನೋಡಿ ಬರುವುದಿಲ್ಲವಲ್ಲ. ಗಡಿಭಾಗದ ನಮ್ಮ ಹಿರಿಯರು ಕೈ ಮೀರಿದ ಕಾಯಿಲೆಗೆ ಮಿರಜಿನ ವಾನ್‌ಲೆಸ್ ದವಾಖಾನೆಗೆ ಹೋಗುತ್ತಿದ್ದರು. 1894ರಲ್ಲಿ ಶುರುವಾದ ಆ ದವಾಖಾನೆಯಲ್ಲೂ ರಾತ್ರಿಯಿಡೀ ರೋಗಿಯ ಬಳಿ ಇರುತ್ತಿದ್ದವರು ನರ್ಸ್‌ಗಳೇ. ಓಣಿಯಲ್ಲಿ ಹಾಗೆ ಮಾತಾಡುವವರೇ ಮೊಮ್ಮಗಳಿಗೆ ಜ್ವರ ಬಂದ ರಾತ್ರಿ ಸಿಸ್ಟರ್ ಮನೆಯ ಕದ ಬಡಿಯುತ್ತಾರೆ. ಸ್ವಂತ ಪಗಾರ ಇರುವ, ಮನೆಯವರ ಆರೋಗ್ಯ ತಿಳಿದ ಹುಡುಗಿಗೆ ಗಂಡು ಸಿಗುವುದಿಲ್ಲ ಎಂಬುದು ಕಟ್ಟೆಯ ಮೇಲೆ ಕೂತವರ ಮಾತು. ನಿನ್ನ ಎಚ್ಚರ ಬೇರೆ ಕಡೆ ಇರಲಿ: ಹಾಸ್ಟೆಲಿನಲ್ಲಿ ವಾರ್ಡನ್ ಇರುತ್ತಾರೆಯೇ, ರಾತ್ರಿ ಪಾಳಿಗೆ ಗಾಡಿ ಇದೆಯೇ, ದೂರು ಕೇಳುವ ಸಮಿತಿ ಇದೆಯೇ ಎಂಬುದನ್ನು ಪಕ್ಕಾ ಮಾಡಿಕೊ.

ಕೊನೆಯ ಮಾತು ನಿನ್ನ ಅಪ್ಪನಿಗೆ, ಇಂಥ ಮಗಳಿರುವ ಎಲ್ಲ ತಂದೆಯರಿಗೂ. ಸೀಟು ಕೊಡಿಸುವವರ ಜೊತೆ ಮಾತುಕತೆಗೆ ಕೂರುವ ಮೊದಲು ಒಂದು ದಿನ ಹೊಲದ ಕೆಲಸ ಬಿಟ್ಟು ಮಗಳೊಡನೆ ಆ ದವಾಖಾನೆಗೆ ಹೋಗಿ ಬನ್ನಿ, ಯಜಮಾನರೇ. ವಾರ್ಡಿನ ಬಾಗಿಲಲ್ಲಿ ಅರ್ಧ ತಾಸು ನಿಂತು ನೋಡಿ. ನಿಮ್ಮವರೇ ಯಾರಾದರೂ ಅಲ್ಲಿ ಮಲಗಿದ್ದರೆ ಆ ಕಾಲೇಜಿನ ಹುಡುಗಿಯರ ಕೈಗೆ ಒಪ್ಪಿಸಲು ನಿಮಗೆ ಧೈರ್ಯ ಬರುತ್ತದೆಯೇ? ಬಂದರೆ ಮಗಳನ್ನು ಅಲ್ಲಿಗೆ ಸೇರಿಸಿ. ಬರದಿದ್ದರೆ ಫುಕಟ್ ಸೀಟು ಕೊಟ್ಟರೂ ಬೇಡ.